ಯಾರದೋ ಕೋಳಿ

ಬಸ್ಸಿನಲ್ಲಿ ಕಳೆದ ಸಾಮಾನು ವಾಪಸ್ ಕೊಡುವ ಕಚೇರಿಗೆ ಕಂಡಕ್ಟರ್ ಬಂದು ಮೇಜಿನ ಮೇಲೆ ಸುರುವಿದ ಸಾಮಾನುಗಳಲ್ಲಿ ಎರಡು ಕೊಡೆ, ಒಂದು ಕನ್ನಡಕ, ಒಂಟಿ ಬೂಟು ಮತ್ತು ಒಂದು ಕೋಳಿ ಇದ್ದವು. ಕೋಳಿಯೆಂದರೆ ಕೂಗುವ ಕೋಳಿಯಲ್ಲ. ಚರ್ಮ ಸುಲಿದು, ತುಂಡು ಮಾಡಿ, ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿಗೆ ಗಂಟು ಬಿಗಿದ ಕೋಳಿ. ಬಸ್ಸಿನಲ್ಲಿ ಜನ ಏನೇನು ಬಿಟ್ಟು ಇಳಿಯುತ್ತಾರೆ ಎಂದು ಹೇಳುತ್ತ ಕೂತರೆ ಮುಗಿಯುವ ಮಾತಲ್ಲ. ಹಲ್ಲಿನ ಸೆಟ್ಟು ಬಿಟ್ಟಿದ್ದಾರೆ, ಗೋಡೆ ಗಡಿಯಾರ ಬಿಟ್ಟಿದ್ದಾರೆ, ಒಮ್ಮೆ ಒಬ್ಬಾತ ತನ್ನ ಅತ್ತೆಯನ್ನೇ ಬಿಟ್ಟು ಇಳಿದುಹೋಗಿ ಆಮೇಲೆ ಈ ಕಚೇರಿಯ ಕಿಟಕಿಯ ಮುಂದೆ ತಲೆ ಕೆರೆದುಕೊಳ್ಳುತ್ತ ನಿಂತಿದ್ದ. ಹಾಗಾಗಿ ಕೋಳಿ ನೋಡಿ ಯಾರೂ ಬೆಚ್ಚಲಿಲ್ಲ. ಬೆಚ್ಚಿದವನು ಕಿಟಕಿಯಲ್ಲಿ ಕೂರುವ ಗುರುತಪ್ಪ ಒಬ್ಬನೇ. ಬೆಳಗ್ಗೆ ಮನೆಯಲ್ಲಿ ಆ ಮಡಕೆಯೊಳಗೆ ತಾನು ಕೋಳಿ ಹಾಕಿದೆನೋ ಇಲ್ಲವೋ? ಈರುಳ್ಳಿ ಹಾಕಿದ್ದು ನೆನಪಿದೆ, ಹೆಚ್ಚುವಾಗ ಕಣ್ಣಲ್ಲಿ ನೀರು ಬಂದಿತ್ತು. ಟೊಮೆಟೊ ಹಾಕಿದ್ದು ನೆನಪಿದೆ, ಒಂದು ಉರುಳಿ ಒಲೆಯ ಹಿಂದೆ ಹೋಗಿ ಅದನ್ನು ಸೌಟಿನಿಂದ ಕೆದಕಿ ತೆಗೆದಿದ್ದ. ಬೆಳ್ಳುಳ್ಳಿ, ಕರಿಮೆಣಸು, ಉಪ್ಪು, ಎಲ್ಲವೂ ನೆನಪಿದೆ. ಕೋಳಿಯೊಂದು ಮಾತ್ರ ಎಷ್ಟು ತಡಕಿದರೂ ಕೈಗೆ ಸಿಗುತ್ತಿಲ್ಲ.

ಸಿಗುವುದಾದರೂ ಹೇಗೆ? ಹಸಿ ಕೋಳಿ ನೋಡಿದರೆ ಅವನಿಗೆ ಹೊಟ್ಟೆ ತೊಳಸುತ್ತದೆ. ಬೇಯಿಸಿದ್ದನ್ನು ಎಲುಬು ಚೀಪಿ ತಿನ್ನುವ ಗಂಡಸು ಹಸಿಯದನ್ನು ಕಂಡರೆ ಮುಖ ತಿರುಗಿಸುತ್ತಾನೆ, ಏನು ಹೇಳೋಣ. ಬೆಳಗ್ಗೆ ಕೈಗೊಂದು ಪ್ಲಾಸ್ಟಿಕ್ ಚೀಲ ತೊಡಿಸಿಕೊಂಡು, ಕಿಟಕಿಯಾಚೆ ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ದೃಷ್ಟಿ ನೆಟ್ಟು, ಉಸಿರು ಬಿಗಿಹಿಡಿದು ಏನನ್ನೋ ಎತ್ತಿ ಮಡಕೆಗೆ ಸುರಿದಿದ್ದ. ಆ ಏನೋ ಎಂಬುದು ಕೋಳಿಯೇ ಆಗಿರಬೇಕು. ಆದರೆ ಅವನ ಕಣ್ಣು ನೋಡಿಲ್ಲ, ಕೈ ಮುಟ್ಟಿಲ್ಲ, ಮೂಗು ಮುಚ್ಚಿತ್ತು. ಸಾಕ್ಷಿ ಹೇಳಲು ದೇಹದ ಒಂದು ಅಂಗವೂ ಮುಂದೆ ಬರುತ್ತಿಲ್ಲ. ಆಮೇಲೆ ಮುಚ್ಚಳ ಹಾಕಿದ್ದು, ಸ್ವಿಚ್ ಒತ್ತಿದ್ದು, ಕೆಂಪು ದೀಪ ಹತ್ತಿದ್ದು. ಆಮೇಲೆ ಎರಡು ಚೀಲ ಹಿಡಿದು ಮನೆ ಬಿಟ್ಟಿದ್ದು. ಒಂದು ಊಟದ ಡಬ್ಬಿಯದು. ಇನ್ನೊಂದು ಕಸದ್ದು, ಬೀದಿ ಕೊನೆಯ ತೊಟ್ಟಿಗೆ ಎಸೆಯಬೇಕಾದದ್ದು. ಎಸೆದೆನೇ? ಬಸ್ಸಿನಲ್ಲಿ ಕಾಲಿಗೆ ಏನೋ ತಣ್ಣಗೆ ತಾಗುತ್ತಿತ್ತಲ್ಲ, ಅದು ನೀರಿನ ಬಾಟಲಿಯೇ ಅಥವಾ ಇದೇ ಕೋಳಿಯೇ? ಹಾಗಾದರೆ ಮಡಕೆಯೊಳಗೆ ಸುರಿದದ್ದು ಈರುಳ್ಳಿ ಸಿಪ್ಪೆಯೇ?

ಆ ಮಡಕೆಗೆ ಅಂಗಡಿಯವನು ಹೇಳುವ ಹೆಸರು ಸ್ಲೋ ಕುಕ್ಕರ್. ಹೆಂಡತಿ ಇಟ್ಟ ಹೆಸರು ಸೋಮಾರಿ ಮಡಕೆ. ಅಂಗಡಿಯವನು ಅದರ ಹೊಟ್ಟೆ ಸವರುತ್ತ ಹೇಳಿದ್ದ: "ಅಡುಗೆ ಅಂದ್ರೆ ಆಗದೇ ಇರೋರಿಗೇ ಅಂತ ಮಾಡಿದ್ದು ಸಾರ್ ಇದು. ಬೆಳಗ್ಗೆ ಹಾಕಿ, ಮರೆತುಬಿಡಿ, ಸಂಜೆ ಬಂದು ತಿನ್ನಿ. ಕೋಳಿ ಅಂತೂ ಬೆಣ್ಣೆ ಥರ ಬೇಯತ್ತೆ. ಒಂದೇ ಒಂದು ಮಾತು. ಮಧ್ಯದಲ್ಲಿ ಮುಚ್ಚಳ ತೆಗೀಬೇಡಿ. ತೆಗೆದ್ರೆ ಕಾವೆಲ್ಲ ಹಾರಿಹೋಗತ್ತೆ, ಬೇಯೋದು ಹಿಂದಕ್ಕೆ ಬೀಳತ್ತೆ." ಗುರುತಪ್ಪ ಈ ಮಾತನ್ನು ಮಂತ್ರದಂತೆ ಮನೆಗೆ ಹೊತ್ತು ತಂದು ಹೆಂಡತಿಯ ಮುಂದೆ ಒಪ್ಪಿಸಿದ್ದ. ಅವಳು ಕೇಳಿಸಿಕೊಂಡು, "ಮುಚ್ಚಳ ತೆಗಿಯೋ ಆಸೆ ನನಗೆ ಯಾವತ್ತೂ ಇರ್ಲಿಲ್ಲ ಬಿಡಿ," ಎಂದಿದ್ದಳು.

ಎಲ್ಲ ಶುರುವಾದದ್ದು ಅವಳು ಆಡಿದ ಇನ್ನೊಂದು ಮಾತಿನಿಂದ. ಆ ದಿನವೂ ಹೀಗೇ, ಯಾವ ವಿಶೇಷವೂ ಇಲ್ಲದ ದಿನ. ಅವನು ಊಟಕ್ಕೆ ಕೂತಿದ್ದ, ಅವಳು ಬಡಿಸುತ್ತಿದ್ದಳು. ಹೊರಗೆ ಮೋಡ ಕವಿದಿದೆ ಎನ್ನುವಷ್ಟು ಸಹಜವಾಗಿ ಅವಳು, "ನನಗೆ ಅಡುಗೆ ಮಾಡೋದು ಇಷ್ಟ ಇಲ್ಲ ರೀ," ಎಂದಳು. ಅವನು, ಹಾಗಾದರೆ ಇವತ್ತು ಹೊರಗಿನಿಂದ ತರಿಸಬಹುದಿತ್ತಲ್ಲ ಎಂದ. ಅವಳು, "ಇವತ್ತಲ್ಲ. ಯಾವತ್ತೂ ಇಷ್ಟ ಇರ್ಲಿಲ್ಲ. ಮದುವೆ ಆದಾಗಿಂದ. ಒಲೆ ಮುಂದೆ ನಿಂತ್ರೆ ನನಗೆ ಅಳು ಬರತ್ತೆ," ಎಂದು ಹೇಳಿ ಇನ್ನೊಂದು ಸೌಟು ಬಡಿಸಿದಳು. ತುತ್ತು ಅವನ ಬಾಯಲ್ಲಿತ್ತು. ನುಂಗುವ ಹಾಗಿಲ್ಲ, ಉಗಿಯುವ ಹಾಗಿಲ್ಲ. ಅಷ್ಟು ವರ್ಷ ತಾನು ಬೆರಳು ನೆಕ್ಕಿಕೊಂಡು ತಿಂದದ್ದೆಲ್ಲ ಅಳುತ್ತ ಮಾಡಿದ್ದೇ? ಆಮೇಲಿನ ದಿನಗಳಲ್ಲಿ ಅವನು ಪ್ರತಿ ತುತ್ತಿನಲ್ಲೂ ಆ ಬೇಸರದ ರುಚಿ ಹುಡುಕುತ್ತಿದ್ದ. ನಾಲಗೆಯ ಮೇಲೆ ಹೊರಳಿಸುತ್ತಿದ್ದ, ಕಣ್ಣು ಮುಚ್ಚುತ್ತಿದ್ದ. ಎಲ್ಲೂ ಸಿಗಲಿಲ್ಲ. ಅಡುಗೆ ಎಂದಿನಂತೆ ಚೆನ್ನಾಗಿತ್ತು, ಅದೇ ಅವನನ್ನು ತಿನ್ನತೊಡಗಿತು. ಕೊನೆಗೆ ಒಂದು ದಿನ, ಇನ್ನು ಮೇಲೆ ಅಡುಗೆ ತನ್ನದು ಎಂದುಬಿಟ್ಟ. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಗಲಿಲ್ಲ, ಅದೊಂದು ಪುಣ್ಯ. "ಒಂದು ದಿನ ಮಾಡಿ ತೋರಿಸಿ. ಒಂದೇ ದಿನ, ನಾನು ಆ ಕಡೆ ತಲೆ ಹಾಕದೇ ಇರೋ ಥರ. ಆದ್ರೆ ಸರಿ, ನಾನು ಒಲೆ ಬಿಟ್ಟೆ. ಆಗದಿದ್ರೆ ನಾನೇ ಮಾಡ್ಕೊಂಡು ಹೋಗ್ತೀನಿ. ಈ ಮಾತು ಮತ್ತೆ ಎತ್ತಲ್ಲ," ಎಂದಳು.

ಎತ್ತಲ್ಲ ಎಂದರೆ ಎತ್ತುವುದಿಲ್ಲ, ಅವಳ ಜಾಯಮಾನವೇ ಅಂಥದು. ಅವನಿಗೆ ಹೆದರಿಕೆಯಾದದ್ದು ಅದೇ. ಇಷ್ಟು ವರ್ಷದಲ್ಲಿ ಅವಳು ತನ್ನ ಒಳಗಿನ ಒಂದು ನಿಜವನ್ನು ತೆಗೆದು ಅವನ ಮುಂದಿಟ್ಟಿದ್ದಾಳೆ. ಅವನು ಇವತ್ತು ಎಡವಿದರೆ ಅದನ್ನು ಮಡಿಚಿ ಒಳಗಿಟ್ಟುಕೊಂಡು ಮತ್ತೆ ಸೌಟು ಹಿಡಿಯುತ್ತಾಳೆ, ಇನ್ನು ಸಾಯುವವರೆಗೆ ಅವನಿಗೆ ಅವಳಿಂದ ಬರೀ ಊಟ ಸಿಗುತ್ತದೆ. ಸಂಜೆ ಮುಚ್ಚಳ ತೆಗೆದಾಗ ಒಳಗೆ ಕೋಳಿ ಇರಬೇಕು. ಇಷ್ಟೇ ವಿಷಯ. ಇಷ್ಟು ಚಿಕ್ಕ ವಿಷಯಕ್ಕೆ ಕೆಲಸ ಬಿಟ್ಟು ಅವನು ಕಚೇರಿಯ ಮೇಜಿನ ಮುಂದೆ ಕೂತಿದ್ದ, ಎದುರಿಗೆ ಕಪ್ಪು ಚೀಲ.

"ಇದನ್ನ ನೀರಿನ ಫ್ರಿಜ್ಜಲ್ಲಿ ಇಡ್ಲಾ?" ಎಂದು ಕೊಡೆ ಮೇಡಂ ಕೇಳಿದಳು. ಕೊಡೆಗಳ ಕಪಾಟು ಅವಳ ಸುಪರ್ದಿಯಲ್ಲಿರುವುದರಿಂದ ಅವಳಿಗೆ ಆ ಹೆಸರು. ಅವನಿಗೆ ಗುರುತಪ್ಪ ಎಂಬ ಹೆಸರು ಬಿದ್ದದ್ದೂ ಕೆಲಸದಿಂದಲೇ. ಕಿಟಕಿಗೆ ಬಂದು ನನ್ನ ಚೀಲ ಕಳೆದಿದೆ ಎಂದವರಿಗೆಲ್ಲ ಅವನ ಮೊದಲ ಮಾತು 'ಗುರುತು ಹೇಳಿ'. ಹೇಳಿ ಹೇಳಿ ಅದೇ ಅವನಿಗೆ ಅಂಟಿಕೊಂಡಿತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಕಾಗದದ ಮೇಲೆ ಮಾತ್ರ ಉಳಿದಿದೆ. ಈ ಕೆಲಸದಲ್ಲಿ ಅವನು ಕಂಡುಕೊಂಡ ಒಂದು ಸತ್ಯವಿದೆ, ಕೇಳಿದರೆ ಯಾರಿಗೂ ನಂಬಿಕೆಯಾಗುವುದಿಲ್ಲ. ನಿಜವಾಗಿ ಕಳೆದುಕೊಂಡವನಿಗೆ ತನ್ನ ಸಾಮಾನಿನ ಗುರುತು ನೆನಪಿರುವುದಿಲ್ಲ. ದಿನಾ ಹಿಡಿದು ಓಡಾಡಿದ ಚೀಲದ ಬಣ್ಣ ಕೇಳಿದರೆ ಬೆಬ್ಬೆಬ್ಬೆ ಅನ್ನುತ್ತಾನೆ. ಕಂದು, ಅಲ್ಲ ಕಪ್ಪು, ಇರಿ ಹೆಂಡತಿಗೆ ಫೋನ್ ಮಾಡ್ತೀನಿ ಅನ್ನುತ್ತಾನೆ. ಸುಳ್ಳುಗಾರ ಮಾತ್ರ ಪಟಪಟನೆ ಹೇಳುತ್ತಾನೆ, ಎಲ್ಲೋ ಕಂಡು ಕಣ್ಣಿಟ್ಟುಕೊಂಡೇ ಬಂದಿರುತ್ತಾನೆ. ಹೀಗೆ ತಡವರಿಸುವವರಿಗೆ ಸಾಮಾನು ಕೊಟ್ಟು, ಸರಿಯಾಗಿ ಹೇಳಿದವರನ್ನು ಗದರಿಸಿ ಕಳಿಸಿ ಅವನು ಹೆಸರು ಮಾಡಿದ್ದ. ಈಗ ಅವನು ತಾನೇ ತಡವರಿಸುತ್ತಿದ್ದಾನೆ, ಅಂದರೆ ಆ ಕೋಳಿ ತನ್ನದೇ. ಲೆಕ್ಕಾಚಾರ ನೇರವಾಗಿತ್ತು. ಅವನಿಗೆ ಸ್ವಲ್ಪ ಸಮಾಧಾನವೂ ಆಯಿತು, ಮರುಕ್ಷಣವೇ ಇನ್ನೊಂದು ಹೊಳೆಯಿತು. ಕೋಳಿ ಇಲ್ಲಿದ್ದರೆ ಮನೆಯ ಮಡಕೆ ಈರುಳ್ಳಿಯನ್ನು ಬೆಣ್ಣೆಯಂತೆ ಬೇಯಿಸುತ್ತ ಕೂತಿದೆ.

ಹಿಂದಿನ ವರಾಂಡಕ್ಕೆ ಹೋಗಿ ಮನೆಗೆ ಫೋನ್ ಮಾಡಿದ. ತುಂಬ ಹೊತ್ತು ರಿಂಗ್ ಆಯಿತು. ಅವಳ ದನಿ ಎಲ್ಲೋ ದೂರದಿಂದ, ಮಲಗಿದಲ್ಲಿಂದ ಬಂದಂತಿತ್ತು.

"ಏನ್ ಮಾಡ್ತಿದೀಯಾ?"

"ಏನೂ ಇಲ್ಲ. ಸೋಫಾ ಮೇಲೆ ಕಾಲು ಚಾಚ್ಕೊಂಡು ಫ್ಯಾನ್ ನೋಡ್ತಿದೀನಿ. ಎಷ್ಟು ಚೆನ್ನಾಗಿ ತಿರುಗತ್ತೆ ಗೊತ್ತಾ ಅದು?"

ಒಂದೇ ಒಂದು ಸಲ ಹೋಗಿ ಮುಚ್ಚಳ ಎತ್ತಿ ಇಣುಕು ಎಂದು ಹೇಳಬೇಕಿತ್ತು. ಆದರೆ ಹೇಳಿದರೆ ಅವಳು ಎದ್ದು ಅಡುಗೆಮನೆಗೆ ಹೋಗಬೇಕು, ಹೋದರೆ ಅವಳು ಆ ಕಡೆ ತಲೆ ಹಾಕದ ಒಂದು ದಿನ ಅಲ್ಲಿಗೇ ಮುಗಿಯಿತು. ಇಣುಕಿ, ಇಲ್ಲ ಎಂದು ಕಂಡರೆ, ಅವಳು ಫೋನ್ ಇಟ್ಟು, ಸೆರಗು ಸಿಕ್ಕಿಸಿ ಅಲ್ಲೇ ಅಡುಗೆಗೆ ನಿಲ್ಲುತ್ತಾಳೆ. ಅವನು ಸುತ್ತಿ ಬಳಸಿ ಕೇಳಿದ: "ವಾಸನೆ ಏನಾದ್ರೂ ಬರ್ತಿದೆಯಾ?"

"ಯಾವ ವಾಸನೆ?"

"ಕೋಳಿದು."

"ನೋಡಿ, ವಾಸನೆ ನೋಡೋದೂ ಅಡುಗೆ ಕೆಲಸಾನೇ. ಇವತ್ತು ನನ್ನ ಮೂಗಿಗೂ ರಜ," ಎಂದು ಅವಳು ನಕ್ಕಳು. ಆ ನಗು ಅವನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಮದುವೆಯಾದ ಹೊಸತರಲ್ಲಿ ಇಬ್ಬರೂ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಊರ ತುದಿಯವರೆಗೆ ಸುಮ್ಮನೆ ಹೋಗಿ ಸುಮ್ಮನೆ ವಾಪಸ್ ಬರುತ್ತಿದ್ದ ಕಾಲದ ನಗು ಅದು. ಆಗ ಅವಳು ಏನು ಅಡುಗೆ ಮಾಡುತ್ತಿದ್ದಳು ಎಂಬುದೇ ಅವನಿಗೆ ನೆನಪಿಲ್ಲ. ಏನೋ ತಿನ್ನುತ್ತಿದ್ದರು, ಹೊಟ್ಟೆ ತುಂಬುತ್ತಿತ್ತು. ಫೋನ್ ಇಟ್ಟಾಗ ಅವನಿಗೆ ಒಂದು ವಿಷಯ ಖಚಿತವಾಗಿತ್ತು. ಆಕಾಶ ಕಳಚಿ ಬಿದ್ದರೂ ಸರಿ, ಸಂಜೆ ಕೋಳಿಯಿಲ್ಲದೆ ಮನೆಗೆ ಹೋಗುವುದಿಲ್ಲ, ಊಟ ನಡುರಾತ್ರಿಯಾದರೂ ಮಡಕೆಗೆ ಸುರಿದು ಬೇಯಿಸಿಯೇ ತೀರುವುದು. ಹೊಸದನ್ನು ಕೊಂಡುಕೊಂಡು ಹೋಗಬಹುದಲ್ಲ ಎಂದು ನೀವು ಕೇಳಬಹುದು. ಅವನಿಗೂ ಹೊಳೆಯದೆ ಇರಲಿಲ್ಲ. ಆದರೆ ತನ್ನ ಕೋಳಿ ಇಲ್ಲೇ ಕಣ್ಣೆದುರು ಅನಾಥವಾಗಿ ಬಿದ್ದಿರುವಾಗ ಬೇರೆ ಕೋಳಿ ಕೊಳ್ಳುವುದು ಅವನ ಇಡೀ ವೃತ್ತಿಗೇ ಅವಮಾನವಾಗಿತ್ತು.

ಕಚೇರಿಯ ನೌಕರರು ತಮ್ಮ ಸಾಮಾನನ್ನು ಒಳಗಿನಿಂದ ಎತ್ತಿಕೊಳ್ಳುವ ಹಾಗಿಲ್ಲ. ಎಲ್ಲರಂತೆ ಹೊರಗೆ ಬಂದು, ಸಾಲಿನಲ್ಲಿ ನಿಂತು, ಕಿಟಕಿಯಲ್ಲಿ ಗುರುತು ಹೇಳಿ ಪಡೆಯಬೇಕು. ಈ ನಿಯಮ ತಂದವನು ಗುರುತಪ್ಪನೇ. ಯಾರೋ ಒಬ್ಬ ಒಳ್ಳೆಯ ಕೊಡೆಗಳನ್ನೆಲ್ಲ ನನ್ನದು ನನ್ನದು ಎಂದು ಮನೆಗೆ ಸಾಗಿಸುತ್ತಿದ್ದಾನೆಂದು ಮೇಲಿನವರಿಗೆ ಹೇಳಿ ಮಾಡಿಸಿದ್ದ. ಈಗ ಅವನು ಬಾಗಿಲು ದಾಟಿ, ಕಟ್ಟಡವನ್ನು ಒಂದು ಸುತ್ತು ಹಾಕಿ, ಕಿಟಕಿಯ ಹೊರಗೆ ಬಂದು ನಿಂತ. ಮುಂದೆ ಒಬ್ಬಾತ ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರೀ ಕಾಲುಚೀಲ ಹಾಕಿಕೊಂಡು ನಿಂತಿದ್ದ. ಆ ಕಿಟಕಿಯನ್ನು ಗುರುತಪ್ಪ ಹೊರಗಿನಿಂದ ನೋಡುತ್ತಿರುವುದು ಇದೇ ಮೊದಲು. ಎಷ್ಟು ತಗ್ಗಿನಲ್ಲಿದೆ! ಮಾತಾಡಬೇಕಾದರೆ ಸೊಂಟ ಬಗ್ಗಿಸಿ, ಕತ್ತು ಹೊರಳಿಸಿ, ಬಿಲದೊಳಗೆ ಬಾಯಿಟ್ಟಂತೆ ನಿಲ್ಲಬೇಕು. ಇಷ್ಟು ವರ್ಷ ಒಳಗಿನಿಂದ ಅವನು ನೋಡಿದ್ದು ಜನರ ಗದ್ದಗಳನ್ನು ಮಾತ್ರ. ಜನ ತಡವರಿಸುತ್ತಿದ್ದದ್ದು ಈ ಬಗ್ಗಿದ ಸೊಂಟದ ನೋವಿಗೂ ಇರಬಹುದೇ ಎಂಬ ಯೋಚನೆ ಬಂದು ಅವನು ಅದನ್ನು ಅಲ್ಲೇ ತಳ್ಳಿಹಾಕಿದ.

"ಹೇಳಿ, ಏನು ಕಳೆದಿದೆ?" ಒಳಗಿನಿಂದ ಕೊಡೆ ಮೇಡಂ ಕೇಳಿದಳು. ಅವಳಿಗೆ ಅವನ ಗದ್ದ ಮಾತ್ರ ಕಾಣುತ್ತಿತ್ತು.

"ನಾನೇ ಕಣಮ್ಮ."

"ಗೊತ್ತಾಯ್ತು. ಏನು ಕಳೆದಿದೆ?"

"ಕೋಳಿ."

"ಗುರುತು ಹೇಳಿ."

ಎಂಥ ಮಾತು! ಅವನು ಸಾವಿರ ಸಲ ಆಡಿದ ಮಾತು, ತನಗೆ ಯಾರಾದರೂ ಆಡಬಹುದು ಎಂದು ಕನಸಲ್ಲೂ ಎಣಿಸಿರಲಿಲ್ಲ. "ಕಪ್ಪು ಚೀಲ, ಬಾಯಿಗೆ ಗಂಟು," ಎಂದ.

"ಅದು ಎಲ್ಲಾ ಕೋಳಿಗೂ ಇರತ್ತೆ. ಒಳಗೆ?"

"ಚರ್ಮ ಇಲ್ಲ. ತುಂಡು ಮಾಡಿದ್ದು."

"ಕಾಲು ಎಷ್ಟು?"

"ಕೋಳಿಗೆ ಎಷ್ಟಿರತ್ತಮ್ಮ ಕಾಲು?"

"ಸಾರ್, ನೀವೇ ಹೇಳ್ಕೊಟ್ಟಿದ್ದು. ಎದುರು ಪ್ರಶ್ನೆ ಕೇಳೋರನ್ನ ನಂಬಬಾರದು ಅಂತ."

ಅವನ ಹಿಂದೆ ಒಬ್ಬ ಹೆಂಗಸು ಬಂದು ನಿಂತು ಕುತೂಹಲದಿಂದ ಕಿವಿ ನಿಮಿರಿಸಿದಳು. ಗುರುತಪ್ಪನ ಮುಖ ಕೆಂಪಗಾಯಿತು. ಎರಡು ಕಾಲು, ಕತ್ತು ಬೇಡ ಅಂದಿದ್ದೆ, ಈಲಿ ಇತ್ತು, ದೊಡ್ಡ ತುಂಡುಗಳು, ಎಂದು ಅವನು ಪಟಪಟನೆ ಹೇಳತೊಡಗಿದ. ಒಳಗೆ ಚೀಲ ಬಿಚ್ಚಿದ ಸದ್ದಾಯಿತು. ಅವನಿಗೆ ಮೈಯೆಲ್ಲ ಕಿವಿ. ಎರಡು ಕಾಲು ಇದೆ, ಕತ್ತು ಇಲ್ಲ, ಈಲಿ ಇದೆ, ಎಂದು ಕೊಡೆ ಮೇಡಂ ಒಂದೊಂದಾಗಿ ಕೂಗಿ ಹೇಳಿದಳು. ಹಿಂದಿನ ಹೆಂಗಸು 'ಪರವಾಗಿಲ್ಲವೇ' ಎನ್ನುವಂತೆ ತಲೆಯಾಡಿಸಿದಳು. ಎಲ್ಲವೂ ಸರಿಹೋಯಿತು. ಒಂದೂ ತಪ್ಪಲಿಲ್ಲ. ಹೀಗೆ ಒಂದೂ ತಪ್ಪದೆ ಹೇಳಿದವರನ್ನು ತಾನು ಏನು ಮಾಡುತ್ತಿದ್ದೆ ಎಂಬುದು ಅವನಿಗೆ ನೆನಪಾಯಿತು. ಕೊಡೆ ಮೇಡಂಗೂ ಅದು ನೆನಪಾಗಿರಬೇಕು, ಚೀಲಕ್ಕೆ ಮತ್ತೆ ಗಂಟು ಬಿಗಿದಳು. ಆಮೇಲೆ ಏನೆನ್ನಿಸಿತೋ, ಪಾಪ, ಚೀಲವನ್ನು ಕಿಟಕಿಯಿಂದ ಹೊರಗೆ ತಳ್ಳಿದಳು. ಅವನು ಅದನ್ನು ಹಿಡಿದುಕೊಂಡು ಮತ್ತೆ ಕಟ್ಟಡ ಸುತ್ತಿ ಒಳಗೆ ಬಂದು, ಅದೇ ಫ್ರಿಜ್ಜಿನಲ್ಲಿ, ಅದೇ ಜಾಗದಲ್ಲಿ ಇಟ್ಟ. ಇಬ್ಬರೂ ಸಂಜೆಯವರೆಗೆ ಅದರ ಸುದ್ದಿ ಎತ್ತಲಿಲ್ಲ.

ಬಾಗಿಲು ಹಾಕುವ ಹೊತ್ತಿಗೆ ಅವನು ಚೀಲ ಹಿಡಿದು ಮೆಟ್ಟಿಲಿಳಿಯುತ್ತಿದ್ದಾಗ ಕಿಟಕಿಯ ಕಡೆಯಿಂದ ಒಂದು ದನಿ ಕೇಳಿಸಿತು. ವಯಸ್ಸಾದ ಗಂಡಸಿನ ದನಿ, ಏದುಸಿರು. "ಅಮ್ಮಾ, ಬಸ್ಸಲ್ಲಿ ಒಂದು ಚೀಲ ಬಿಟ್ಬಿಟ್ಟೆ. ಕೋಳಿ ಇತ್ತು." ಕೊಡೆ ಮೇಡಂ, ಗುರುತು ಹೇಳಿ ಎಂದಳು. ಆ ದನಿ, "ಚೀಲ ಬಿಳಿ... ಅಲ್ಲ, ಕಪ್ಪಿರಬೇಕು. ಕೋಳಿ ಕಣಮ್ಮ, ಕೋಳಿಗೇನು ಗುರುತು? ಇರಿ, ನಮ್ಮನೆಯವಳನ್ನ ಕೇಳ್ತೀನಿ," ಎಂದು ತಡವರಿಸಿತು. ಗುರುತಪ್ಪ ಮೆಟ್ಟಿಲ ಮೇಲೇ ನಿಂತ. ಅವನ ಅಷ್ಟು ವರ್ಷದ ಅನುಭವ, ಅವನ ವಿದ್ಯೆ ಎಲ್ಲ ಒಟ್ಟಾಗಿ ಹೇಳಿತು: ನಿಜವಾದವನು ಇವನೇ. ತಿರುಗಿ ಹೋಗಿ ಕೊಡಬೇಕು. ಕೊಡಲಿಕ್ಕೆ ನಾಲ್ಕು ಹೆಜ್ಜೆ ಸಾಕು. ಆದರೆ ಕೊಟ್ಟು, ಮನೆಗೆ ಹೋಗಿ, ಮುಚ್ಚಳ ತೆಗೆದು, ಒಳಗೆ ಬರೀ ಈರುಳ್ಳಿ ಕಂಡರೆ? ಹೆಂಡತಿ ಏನೂ ಅನ್ನದೆ ಸೋಫಾದಿಂದ ಎದ್ದರೆ? ಅವನು ಚೀಲವನ್ನು ಅಂಗಿಯ ಕೆಳಗೆ ತೂರಿಸಿಕೊಂಡ. ಇಡೀ ದಿನ ಫ್ರಿಜ್ಜಿನಲ್ಲಿದ್ದದ್ದು, ಹೊಟ್ಟೆಗೆ ಮಂಜು ತಾಗಿದಂತಾಯಿತು. ಹಾಗೇ ಬೇಗಬೇಗ ನಡೆದು, ಬಂದ ಮೊದಲ ಬಸ್ಸು ಹತ್ತಿ, ಸೀಟಿದ್ದರೂ ಕೂರದೆ ನಿಂತುಕೊಂಡೇ ಹೋದ. ಕಳ್ಳ ಎಂದು ಯಾರೂ ಕೂಗಲಿಲ್ಲ. ಕಂಡಕ್ಟರ್ ಟಿಕೆಟ್ ಕೊಡುತ್ತ, "ಹೊಟ್ಟೆ ನೋವಾ ಸಾರ್?" ಎಂದು ಮಾತ್ರ ಕೇಳಿದ.

ಮನೆಯ ಬಾಗಿಲು ತೆಗೆದವಳು ಹೂವಿನ ಚಿತ್ತಾರದ ಒಂದು ಹಳೆಯ ಸೀರೆ ಉಟ್ಟಿದ್ದಳು, ತಲೆ ಬಾಚಿಕೊಂಡಿದ್ದಳು. ಮುಖ ನಿದ್ದೆಯಿಂದ ಊದಿತ್ತು, ಎಷ್ಟು ಚೆಂದ ಕಾಣುತ್ತಿದ್ದಳು! ಅಡುಗೆಮನೆಯ ಬಾಗಿಲನ್ನು ಅವಳೇ ಎಳೆದು ಹಾಕಿದ್ದಳು, ಹಠವೆಂದರೆ ಹಠ. "ಕುಡಿಯೋ ನೀರು ಕೂಡ ಪಕ್ಕದ ಮನೆಯಿಂದ ತಂದ್ಕೊಂಡೆ," ಎಂದು ಹೆಮ್ಮೆಯಿಂದ ಹೇಳಿದಳು. ಅವನು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದ. ಮಡಕೆಯ ಕೆಂಪು ದೀಪ ಉರಿಯುತ್ತಿತ್ತು. ಗಾಜಿನ ಮುಚ್ಚಳದ ತುಂಬ ಹಬೆಯ ಹನಿ, ಒಳಗೆ ಏನಿದೆಯೆಂದು ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿ ಮುಚ್ಚಳ ಎತ್ತಿದ. ಹಬೆ ಮುಖಕ್ಕೆ ಬಡಿಯಿತು. ಕಣ್ಣು ಬಿಟ್ಟ. ಕೋಳಿ ಇತ್ತು. ಎರಡು ಕಾಲು, ಈಲಿ, ದೊಡ್ಡ ತುಂಡುಗಳು, ಎಲ್ಲ ಈರುಳ್ಳಿಯ ನಡುವೆ ನೆಮ್ಮದಿಯಾಗಿ ಮಲಗಿದ್ದವು. ಸೌಟು ತಾಗಿಸಿದರೆ ಮಾಂಸ ಎಲುಬು ಬಿಟ್ಟು ಬರುತ್ತಿತ್ತು.

"ಬೆಂದಿದೆಯಾ?" ಅವಳು ಹೊಸ್ತಿಲಾಚೆಯಿಂದಲೇ ಕೇಳಿದಳು.

"ಬೆಂದಿದೆ," ಎಂದ. ದನಿ ಅಳುವಂತೆ ಬಂತು. ಅಷ್ಟರಲ್ಲಿ ಅಂಗಿಯ ಕೆಳಗಿನಿಂದ ಕಪ್ಪು ಚೀಲ ಜಾರಿ ಅವರಿಬ್ಬರ ನಡುವೆ ನೆಲಕ್ಕೆ ಬಿತ್ತು.

ಅವನು ಎಲ್ಲವನ್ನೂ ಹೇಳಿದ. ಮುಖ ತಿರುಗಿಸಿ ಸುರಿದದ್ದು, ಸಾಲಿನಲ್ಲಿ ನಿಂತದ್ದು, ಕೊನೆಗೆ ಬಂದ ಮುದುಕನ ದನಿ. ಹೇಳುತ್ತ ಹೋದಂತೆ ಅವಳ ಮುಖದಲ್ಲಿ ನಗು ಮೂಡಿತು, ಹೊಟ್ಟೆ ಹಿಡಿದುಕೊಂಡು ನಕ್ಕಳು, ಬಾಗಿಲಿಗೆ ಒರಗಿಕೊಂಡು ನಕ್ಕಳು. ಆಮೇಲೆ ನಗು ಎಲ್ಲಿಗೋ ಹೋಯಿತು. ಚೀಲವನ್ನು ನೋಡುತ್ತ ನಿಂತಳು.

"ಪಾಪ, ಆ ಮನೆಯವಳಿಗೆ ಇವತ್ತು ರಜ ಸಿಕ್ಕಿರತ್ತೆ," ಎಂದಳು. "ಕೋಳಿ ಕಳ್ಕೊಂಡು ಬಂದ ಗಂಡನ್ನ ಬೈದು, ಏನೋ ಒಂದು ತಿಂದು ಮಲಗ್ತಾಳೆ. ಅವಳ ಕೆಲಸ ನೀವು ನನಗೆ ತಂದ್ರಿ."

"ನೀನ್ಯಾಕೆ ಮಾಡ್ತೀಯಾ? ಎಸೆದುಬಿಡ್ತೀನಿ."

"ಇನ್ನೊಬ್ಬರ ಮನೆ ಊಟ ಕದ್ಕೊಂಡು ಬಂದು ಎಸೀತೀರಾ? ನಾಚಿಕೆ ಆಗಲ್ವಾ ನಿಮಗೆ?"

"ಹಾಗಾದ್ರೆ ಫ್ರಿಜ್ಜಲ್ಲಿಡು. ನಾಳೆ ನಾನೇ ಮಡಕೆಗೆ ಹಾಕ್ತೀನಿ."

"ಬೆಳಗ್ಗೆಯಿಂದ ಬಸ್ಸು, ಆಫೀಸು, ನಿಮ್ಮ ಹೊಟ್ಟೆ, ಎಲ್ಲಾ ಕಡೆ ಸುತ್ತಿ ಬಂದಿದೆ ಇದು. ನಾಳೆವರೆಗೆ ಇರಲ್ಲ. ಈಗ ಬೇಯಿಸ್ಬೇಕು."

ಬೇಯಿಸುತ್ತೇನೆ ಎಂದು ಅವನು ಚೀಲ ಎತ್ತಿಕೊಂಡು ಗಂಟು ಬಿಚ್ಚಿದ. ಒಳಗಿನದನ್ನು ಕಂಡದ್ದೇ ತಡ, ಕಣ್ಣು ತಾನಾಗಿ ಎದುರು ಮನೆಯ ಟ್ಯಾಂಕಿನ ಕಡೆ ಹೊರಳಿತು, ಓಕರಿಕೆ ಬಂತು. ಅವನಿಗೆ ಗೊತ್ತಿದ್ದದ್ದು ಮಡಕೆಗೆ ಹಾಕಿ ಮರೆಯುವುದು ಮಾತ್ರ, ಮಡಕೆಯೋ ತುಂಬಿ ಕೂತಿದೆ. ಅವಳು ಹೊಸ್ತಿಲ ಮೇಲೆ ನಿಂತು ಇದನ್ನೆಲ್ಲ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಂದು ಉಸಿರು ಬಿಟ್ಟು ಒಳಗೆ ಬಂದು, ಅವನ ಕೈಯಿಂದ ಚೀಲ ತೆಗೆದುಕೊಂಡು, ಸೆರಗು ಸಿಕ್ಕಿಸಿದಳು. ಅವನು ಆಚೆ ಹೋಗಲಿಲ್ಲ. ಹೋಗಿ ಎಂದು ಅವಳು ಹೇಳಿದಳು, ಹೋಗಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕೂತು ಅವಳ ಮುಖ ನೋಡಿದ. ಅಷ್ಟು ವರ್ಷ ಅವನು ಊಟದ ಮೇಜಿನಿಂದ ನೋಡಿದ್ದು ಅವಳ ಬೆನ್ನು. ಬಾಣಲೆಗೆ ಎಣ್ಣೆ ಬಿದ್ದ ಕೂಡಲೇ ಅವಳ ತುಟಿ ಬಿಗಿದುಕೊಂಡಿತು. ನಿದ್ದೆಯ ಊತ ಇಳಿದು ಮುಖ ಗಟ್ಟಿಯಾಯಿತು. ಕೈ ಮಾತ್ರ ಯಾರದೋ ಕೈಯಂತೆ ಚಕಚಕನೆ ಓಡಾಡುತ್ತಿತ್ತು. ಈರುಳ್ಳಿ ಕೆಂಪಾಯಿತು, ಬೆಳ್ಳುಳ್ಳಿ ಸಿಡಿಯಿತು, ತುಂಡುಗಳು ಚುಂಯ್ ಎಂದು ಬಿದ್ದವು. ಒಮ್ಮೆ ಅವಳು ಮೊಣಕೈಯಿಂದ ಕಣ್ಣು ಒರೆಸಿಕೊಂಡಳು. ಈರುಳ್ಳಿಯ ನೀರೇ ಅಥವಾ ಅವಳು ಹೇಳಿದ್ದ ಅಳುವೇ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ. ಅಯ್ಯೋ, ಇದನ್ನು ದಿನಕ್ಕೆ ಎರಡು ಸಲ, ಇಷ್ಟು ವರ್ಷ! ಅವನಿಗೆ ಅವಳ ಕಾಲು ಹಿಡಿಯಬೇಕೆನ್ನಿಸಿತು. ಅದೇ ಹೊತ್ತಿಗೆ, ಬಾಣಲೆಯಿಂದ ಎದ್ದ ಘಮಕ್ಕೆ ಅವನ ಬಾಯಲ್ಲಿ ನೀರೂರಿತು. ಛೀ, ಎಂದು ತನ್ನನ್ನೇ ಬೈದುಕೊಂಡು ನುಂಗಿದ. ಮತ್ತೆ ಊರಿತು.

ಮೇಜಿನ ಮೇಲೆ ಎರಡೂ ಬಂದು ಕೂತವು. ಒಂದು ಕಡೆ ಅವನ ಮಡಕೆ, ಇನ್ನೊಂದು ಕಡೆ ಅವಳ ಬಾಣಲೆ, ನಡುವೆ ಬಿಸಿ ಅನ್ನ. ಅವಳು ಮೊದಲು ಮಡಕೆಯಿಂದ ಬಡಿಸಿಕೊಂಡಳು. ನಿಧಾನವಾಗಿ ಅಗಿದಳು. ಕೋಳಿ ಪೇಲವವಾಗಿತ್ತು, ಆಸ್ಪತ್ರೆಯ ಊಟದಷ್ಟು ಮೆತ್ತಗಿತ್ತು. ಅವನು ಅವಳ ಬಾಯನ್ನೇ ನೋಡುತ್ತಿದ್ದ.

"ಉಪ್ಪು ಕಮ್ಮಿ. ಖಾರ ಇಲ್ಲ. ಆದ್ರೆ ಬೆಂದಿದೆ," ಎಂದಳು. "ಮಾತು ಅಂದ್ರೆ ಮಾತು. ನಾಳೆಯಿಂದ ನಾನು ಒಲೆ ಹಚ್ಚಲ್ಲ."

ಗೆದ್ದಿದ್ದ! ಅವನ ಕಣ್ಣು ತುಂಬಿ ಬಂತು. ಮುದುಕನಿಗೆ ಮೋಸ ಮಾಡಿದ್ದು, ಕಿಟಕಿಯ ಮುಂದೆ ಮಾನ ಕಳೆದುಕೊಂಡದ್ದು, ಎಲ್ಲ ಈ ಒಂದು ಮಾತಿಗಾಗಿ. ಅವಳು ಮತ್ತೆ ಮಡಕೆಯಿಂದಲೇ ಹಾಕಿಕೊಂಡು, ಕಾಲು ಮಡಿಚಿ ಕುರ್ಚಿಯ ಮೇಲೆ ಆರಾಮಾಗಿ ಕೂತು, ಆ ಸಪ್ಪೆ ಕೋಳಿಯನ್ನು ಹಬ್ಬದೂಟದಂತೆ ತಿನ್ನುತ್ತಿದ್ದಳು. ಬಾಣಲೆಯ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಅವನೂ ಮಡಕೆಯದನ್ನೇ ತಟ್ಟೆಗೆ ಹಾಕಿಕೊಂಡಿದ್ದ. ಎರಡು ತುತ್ತು ತಿಂದ. ಮೂರನೆಯದು ಬಾಯಿಗೆ ಹೋಗಲಿಲ್ಲ. ಸೌಟು ಹಿಡಿದ ಅವನ ಕೈ ಮೇಜಿನ ಮೇಲೆ ಒಂದು ಗಳಿಗೆ ಅಲ್ಲಾಡದೆ ನಿಂತು, ಆಮೇಲೆ ಬಾಣಲೆಯ ಕಡೆ ಹೋಯಿತು. ಅವಳು ನೋಡಿದಳು.

"ತಿನ್ನಿ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ. "ಹೊಟ್ಟೆ ತುಂಬ ತಿನ್ನಿ. ಇದೇ ಕೊನೆ."

ಅವನು ಬೇಡ ಎನ್ನಬೇಕೆಂದಿದ್ದ. ನಿನ್ನ ಮುಖ ನೋಡಿದ ಮೇಲೆ ಇದು ಗಂಟಲಲ್ಲಿ ಇಳಿಯುವುದಿಲ್ಲ ಎನ್ನಬೇಕೆಂದಿದ್ದ. ಆದರೆ ಬಾಯಿ ತುಂಬಿತ್ತು, ಅದು ಇಳಿಯುತ್ತಲೂ ಇತ್ತು. ಅವನು ತಲೆ ತಗ್ಗಿಸಿ, ಕಣ್ಣೀರು ತಟ್ಟೆಗೆ ಬೀಳದಂತೆ ತೋಳಿನಿಂದ ಒರೆಸಿಕೊಳ್ಳುತ್ತ, ಎಲುಬು ಸಹ ಬಿಡದೆ ಬಾಣಲೆ ಖಾಲಿಯಾಗುವವರೆಗೂ ತಿಂದ.